ಯಜಮಾನರಿಗೆ ತೋರಿಸಿದ ಬಡತನ

ಸಂಬಳ ಜಾಸ್ತಿ ಮಾಡಿಸಿಕೊಳ್ಳುವುದು ಒಂದು ಕಲೆ. ಆ ಕಲೆ ನನಗೆ ಕರಗತವಾಗಿದೆ ಎಂಬುದರಲ್ಲಿ ಆ ಭಾನುವಾರದ ಬೆಳಿಗ್ಗೆಯವರೆಗೂ ನನಗೆ ಯಾವ ಅನುಮಾನವೂ ಇರಲಿಲ್ಲ.

ನಾನು ಬಿಡದಿಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಸೂಪರ್‌ವೈಸರ್. ಪೆಟ್ಟಿಗೆಗಳು ಲಾರಿಗೆ ಸರಿಯಾಗಿ ಏರಿದವೇ ಎಂದು ನೋಡುವುದು ನನ್ನ ಉದ್ಯೋಗ. ಮನೆ ರಾಮನಗರದಲ್ಲಿ. ನಾನು ಕೆಲಸಕ್ಕೆ ಸೇರಿದ ಮೇಲೆ ಬಸ್ ಚಾರ್ಜು ಏರಿತು, ಗ್ಯಾಸ್ ಏರಿತು, ಮಗಳು ಹೈಸ್ಕೂಲಿನಿಂದ ಕಾಲೇಜಿಗೆ ಏರಿದಳು, ನನ್ನ ಬಿ.ಪಿ. ಕೂಡ ಏರಿತು. ಸಂಬಳ ಮಾತ್ರ ಕುಳಿತಲ್ಲೇ ಕುಳಿತಿತ್ತು. ಈಗ ಮಗಳು ಮೈಸೂರಿನಲ್ಲಿ ನರ್ಸಿಂಗ್ ಸೇರಬೇಕು ಎನ್ನುತ್ತಿದ್ದಳು. ಕುಳಿತ ಸಂಬಳವನ್ನು ಎಬ್ಬಿಸದೆ ಬೇರೆ ದಾರಿ ಇರಲಿಲ್ಲ.

ನಮ್ಮ ಯಜಮಾನರು ರುದ್ರಪ್ಪನವರು ಕೆಟ್ಟವರಲ್ಲ. ಅದೇ ತೊಂದರೆ. ಸಂಬಳದ ಮಾತೆತ್ತಿದರೆ ಕೂರಿಸಿ, ಟೀ ತರಿಸಿ, ಕಾಗದದ ರೇಟು, ಕರೆಂಟು ಬಿಲ್ಲು, ಲಾರಿಯವರ ಕಾಟ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು. ಕೊನೆಗೆ ನಾನೇ ಅವರಿಗೆ ಸಮಾಧಾನ ಹೇಳಿ ಹೊರಬರುತ್ತಿದ್ದೆ.

ಹಾಗಿರುವಾಗ ಒಂದು ದಿನ ಅವರು, ಭಾನುವಾರ ಚನ್ನಪಟ್ಟಣದ ನೆಂಟರ ಮನೆಗೆ ಹೋಗುವುದಿದೆ, ರಾಮನಗರದ ಮೇಲೆಯೇ ಹೋಗಬೇಕು ಎಂದರು. ನನ್ನ ತಲೆಯಲ್ಲಿ ದೀಪ ಹತ್ತಿತು. ನಮ್ಮ ಮನೆಯಲ್ಲೇ ಊಟ ಮಾಡಿಕೊಂಡು ಹೋಗಬೇಕೆಂದು ಕೈ ಹಿಡಿದು ಕೇಳಿಕೊಂಡೆ. ಅವರು ಒಪ್ಪಿದರು. ಬಾಯಲ್ಲಿ ಹೇಳಿದರೆ ಕರಗದವರು ನಮ್ಮ ಸ್ಥಿತಿಯನ್ನು ಕಣ್ಣಾರೆ ಕಂಡರೆ ಕರಗಲೇಬೇಕು!

ಆದರೆ ಮನೆಯನ್ನು ಸುತ್ತಲೂ ನೋಡಿದಾಗ ಗಾಬರಿಯಾಯಿತು. ನಮ್ಮ ಸ್ಥಿತಿ ಕರಗುವಷ್ಟು ಕೆಟ್ಟಿರಲಿಲ್ಲ. ಟಿ.ವಿ. ಇತ್ತು. ಹಳೆಯದಾದರೂ ಒಂದು ಫ್ರಿಜ್ಜಿತ್ತು. ಮಿಕ್ಸಿಯಂತೂ ಹೊಸದಾಗಿ ಫಳಫಳ ಹೊಳೆಯುತ್ತಿತ್ತು. ಇವೆಲ್ಲ ಒಂದು ದಿನದ ಮಟ್ಟಿಗೆ ಪಕ್ಕದ ಮನೆಯ ಕೆಂಪರಾಜುವಿನ ಹತ್ತಿರ ಇರಲಿ, ಊಟಕ್ಕೆ ಮುದ್ದೆ, ಉಪ್ಸಾರು ಸಾಕು ಎಂದು ಹೆಂಡತಿ ಜಯಲಕ್ಷ್ಮಿಗೆ ವಿವರವಾಗಿ ತಿಳಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಆಯ್ತು" ಎಂದಳು. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಆ "ಆಯ್ತು" ಕೇಳಿಯೇ ಭಯವಾಗಬೇಕಿತ್ತು. ಆಗಲಿಲ್ಲ.

ಕೆಂಪರಾಜು ರೇಷ್ಮೆಗೂಡಿನ ವ್ಯಾಪಾರದಲ್ಲಿ ಚೆನ್ನಾಗಿ ದುಡಿದವನು, ಕರೆದರೆ ಓಡಿ ಬರುವ ಮನುಷ್ಯ. ಭಾನುವಾರ ಬೆಳಿಗ್ಗೆ ಇಬ್ಬರೂ ಸೇರಿ ಸಾಮಾನು ಸಾಗಿಸಿದೆವು. ಲೋಡಿಂಗ್ ಸೂಪರ್‌ವೈಸರ್ ಆದ ನಾನು ಮುಂದೆ ನಿಂತು ನಿರ್ದೇಶನ ಕೊಟ್ಟೆ. ಟಿ.ವಿ.ಯ ಸ್ಟ್ಯಾಂಡು ಮುರಿಯಿತು. ಫ್ರಿಜ್ಜು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಎಳೆದ ರಭಸಕ್ಕೆ ಅದರ ಮೂಲೆ ನೆಗ್ಗಿತು, ನನ್ನ ಕಾಲಿನ ಹೆಬ್ಬೆರಳೂ ನೆಗ್ಗಿತು. ಆದರೇನು, ಮನೆ ನೋಡಿದರೆ ಕಣ್ಣಲ್ಲಿ ನೀರು ಬರುವಂತಾಗಿತ್ತು. ನಾನು ಗಡ್ಡ ಬೋಳಿಸಿಕೊಳ್ಳದೆ, ಕಾಲರ್ ಸವೆದ ಅಂಗಿಯೊಂದನ್ನು ಹಾಕಿಕೊಂಡು, ಯಜಮಾನರಿಗೆ ದಾರಿ ತೋರಿಸಲು ಕುಂಟುತ್ತಾ ಮೈಸೂರು ರಸ್ತೆಗೆ ಹೋಗಿ ನಿಂತೆ.

ಅವರ ಕಾರು ಬರುವುದು ತಡವಾಯಿತು. ಬಂದ ಕಾರಿನ ಬಳಿ ಓಡಿದರೆ, ರುದ್ರಪ್ಪನವರು ಗಾಜು ಇಳಿಸದೆ ಮುಂದೆ ಹೋಗು ಎಂದು ಕೈಸನ್ನೆ ಮಾಡಿದರು. ಯಾರೋ ಭಿಕ್ಷೆ ಬೇಡಲು ಬಂದಿದ್ದಾರೆ ಎಂದುಕೊಂಡಿದ್ದರು. ನನಗೆ ಅವಮಾನವಾಗುವ ಬದಲು ಹೆಮ್ಮೆಯಾಯಿತು. ನಾಟಕ ಚೆನ್ನಾಗಿ ನಡೆಯುತ್ತಿತ್ತು.

ಗುರುತು ಹೇಳಿ, ಕಾರು ಹತ್ತಿ ಅವರನ್ನು ಕರೆತಂದರೆ, ಮನೆಯ ಬಾಗಿಲಲ್ಲಿ ಜಯಲಕ್ಷ್ಮಿ ನಿಂತಿದ್ದಳು. ಮದುವೆಯ ರೇಷ್ಮೆ ಸೀರೆ ಉಟ್ಟಿದ್ದಳು. ಅವಳ ಹಿಂದೆ, ನಾನು ಖಾಲಿ ಮಾಡಿ ಹೋಗಿದ್ದ ನಡುಮನೆಯಲ್ಲಿ, ಕೆಂಪರಾಜುವಿನ ಮೆತ್ತನೆಯ ಸೋಫಾ ಇತ್ತು. ಕೆಂಪರಾಜುವಿನ ಗೋಡೆಯಗಲದ ಟಿ.ವಿ. ಇತ್ತು. ಮೂಲೆಯಲ್ಲಿ ಆಳೆತ್ತರಕ್ಕೆ ಕೆಂಪರಾಜುವಿನ ಎರಡು ಬಾಗಿಲಿನ ಫ್ರಿಜ್ಜು! ನಮ್ಮ ಬಡ ಫ್ರಿಜ್ಜು ಅವನ ಮನೆಯಲ್ಲಿ, ಅವನ ಸಾಹುಕಾರ ಫ್ರಿಜ್ಜು ನಮ್ಮ ಮನೆಯಲ್ಲಿ.

ಅವಳನ್ನು ಒಳಗೆ ಕರೆದು ಇದೇನು ಎಂದು ಹಲ್ಲು ಕಡಿದೆ.

"ಮನೆಗ್ ಬಂದೋರ್ ಮುಂದೆ ಮಾನ ಕಳ್ಕಳಕ್ಕೆ ನನ್ ಕೈಲಾಗಕಿಲ್ಲ. ನೀವು ಮೊದ್ಲು ಆ ಅಂಗಿ ಬಿಚ್ಚಾಕ್ಬುಡಿ," ಎಂದು ಅವಳು ಒಬ್ಬಟ್ಟು ಬೇಯಿಸಲು ಹೋದಳು. ಒಬ್ಬಟ್ಟು! ಮುದ್ದೆಯ ಸುಳಿವೇ ಇರಲಿಲ್ಲ.

ರುದ್ರಪ್ಪನವರು ಸೋಫಾದಲ್ಲಿ ಹುದುಗಿ ಕೂತು ಒಮ್ಮೆ ಟಿ.ವಿ.ಯನ್ನೂ ಒಮ್ಮೆ ನನ್ನ ಕಾಲರನ್ನೂ ನೋಡಿದರು. ಇಂಥ ಫ್ರಿಜ್ಜು ತಮ್ಮ ಮನೆಯಲ್ಲೂ ಇಲ್ಲ ಎಂದರು. ನಾನು ಅವಸರದಿಂದ, ಎಲ್ಲ ಕಂತಿನ ಮೇಲೆ ತಂದದ್ದು, ಕಂತು ಕಟ್ಟಲಾಗದೆ ನಿದ್ದೆಯೇ ಬರುತ್ತಿಲ್ಲ ಎಂದೆ. ಅಡುಗೆಮನೆಯಿಂದ ಜಯಲಕ್ಷ್ಮಿ, ಕಂತಿನ ವ್ಯವಹಾರವೇ ನಮ್ಮ ಮನೆಯಲ್ಲಿ ಇಲ್ಲವೆಂದು ಕೂಗಿ ಹೇಳಿದಳು.

ಎಲೆ ಹಾಕಿ ಬಡಿಸುವ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಕೆಂಪರಾಜು ಒಳಗೆ ಬಂದ. ಕೈಯಲ್ಲಿ ಖಾಲಿ ಪಾತ್ರೆ ಹಿಡಿದಿದ್ದ.

"ಅಕ್ಕಾ, ಬಾಡು ನಮ್ ಫ್ರಿಜ್ಜಲ್ಲೇ ಉಳ್ಕಂಡ್ಬುಟ್ಟೈತೆ. ಸಂಜೀಕೆ ನೆಂಟ್ರು ಬತ್ತಾವ್ರೆ, ಒಸಿ ತಕ್ಕೊಂಡೋಯ್ತೀನಿ," ಎಂದು ನೇರವಾಗಿ ಫ್ರಿಜ್ಜಿನ ಬಾಗಿಲು ತೆರೆದ.

ರುದ್ರಪ್ಪನವರು ಮೊಟ್ಟೆಯನ್ನೂ ಮುಟ್ಟದ ಶಿವಭಕ್ತರು. ಅವರ ಎಲೆಗೆ ನೇರ ಎದುರಿಗೆ, ಒಳಗಿನ ದೀಪದ ಬೆಳಕಿನಲ್ಲಿ, ಕುರಿಯ ತೊಡೆಯೊಂದು ದರ್ಶನ ಕೊಟ್ಟಿತು.

ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಕಣ್ಣು ಬಿಟ್ಟು, "ನಿಮ್ಮ ಫ್ರಿಜ್ಜಾ?" ಎಂದು ಕೆಂಪರಾಜುವನ್ನು ಕೇಳಿದರು.

ಸುಳ್ಳು ಹೇಳಲು ಬಾರದ ಪ್ರಾಣಿ ಅವನು. ಫ್ರಿಜ್ಜು ತನ್ನದು, ಸೋಫಾ ತನ್ನದು, ಅಣ್ಣನ ಸಾಮಾನೆಲ್ಲ ತನ್ನ ಮನೆಯಲ್ಲಿ ಕ್ಷೇಮವಾಗಿದೆ ಎಂದು ಎಲ್ಲವನ್ನೂ ಒಪ್ಪಿಸಿ, ತೊಡೆಯ ಸಮೇತ ಹೊರಟುಹೋದ. ಉಳಿದದ್ದನ್ನು ನಾನೇ ಹೇಳಬೇಕಾಯಿತು. ಸಂಬಳ, ಮಗಳ ನರ್ಸಿಂಗು, ಅಂಗಿ, ಎಲ್ಲ. ತಲೆ ತಗ್ಗಿಸಿ, ಕೋಸಂಬರಿಗೆ ಹೇಳಿದಂತೆ ಹೇಳಿದೆ.

ರುದ್ರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ನನ್ನ ಕಡೆ ನೋಡಲೇ ಇಲ್ಲ. ನಾನು ರಸ್ತೆಯಲ್ಲಿ ಕಾಯುತ್ತಿದ್ದ ಅಷ್ಟು ಹೊತ್ತಿನಲ್ಲಿ ಇದನ್ನೆಲ್ಲ ಹೇಗೆ ಸಾಗಿಸಿದಿರಿ ಎಂದು ಜಯಲಕ್ಷ್ಮಿಯನ್ನು ಕೇಳಿದರು. ಬೀದಿಯ ಹುಡುಗರನ್ನು ಕರೆದೆ, ಫ್ರಿಜ್ಜಿನ ಕೆಳಗೆ ಗೋಣಿಚೀಲ ಹಾಸಿ ಎಳೆಸಿದೆ, ಸೋಫಾ ಮಗ್ಗುಲಾಗಿ ತಿರುಗಿಸಿದರೆ ಬಾಗಿಲಲ್ಲಿ ತೂರುತ್ತದೆ ಎಂದು ಅವಳು ಹೇಳಿದಳು. ಒಂದು ಗೀರೂ ಬಿದ್ದಿರಲಿಲ್ಲ. ಯಜಮಾನರು ನನ್ನ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ನೋಡಿದರು.

"ಅಮ್ಮಾ, ನಮ್ಮ ಲೋಡಿಂಗ್ ಸೆಕ್ಷನ್ ನೋಡ್ಕೊಳ್ಳೋಕೆ ನೀವು ಬರ್ತೀರಾ?" ಎಂದು ಒಂದು ಸಂಬಳ ಹೇಳಿದರು.

"ಅಷ್ಟಕ್ಕೆ ಆಗಕಿಲ್ಲ ಸಾರ್," ಎಂದು ಅವಳು ತನ್ನದೊಂದು ಮೊತ್ತ ಹೇಳಿ, ಅವರ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು.

ಅವರು ಕಾಗದದ ರೇಟು ಹೇಳಲು ಶುರು ಮಾಡಿದರು. ಅವಳು ತುಪ್ಪ ಬಡಿಸುತ್ತಾ ಸುಮ್ಮನೆ ಕೇಳಿಸಿಕೊಂಡಳು. ಸಮಾಧಾನ ಹೇಳಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. ಕರೆಂಟು ಬಿಲ್ಲು ಮುಗಿದು ಲಾರಿಯವರ ಕಾಟಕ್ಕೆ ಬರುವಷ್ಟರಲ್ಲಿ ಅವರಿಗೇ ಸುಸ್ತಾಗಿ, ಅವಳು ಕೇಳಿದ್ದಕ್ಕೆ ಒಪ್ಪಿದರು. ಆ ಮೊತ್ತ ನನ್ನ ಸಂಬಳಕ್ಕಿಂತ ಜಾಸ್ತಿಯಿತ್ತು. ನನಗೆ ಒಬ್ಬಟ್ಟು ನೆತ್ತಿಗೇರಿತು. ಯಾರೂ ಗಮನಿಸಲಿಲ್ಲ.

ಮಗಳು ಮೈಸೂರಿನಲ್ಲಿ ನರ್ಸಿಂಗ್ ಸೇರಿದಳು. ನಾವಿಬ್ಬರೂ ಈಗ ಒಂದೇ ಬಸ್ಸಿನಲ್ಲಿ ಬಿಡದಿಗೆ ಹೋಗುತ್ತೇವೆ. ಗೇಟು ದಾಟಿದ ಮೇಲೆ ಅವಳು ನನ್ನ ಮೇಲಧಿಕಾರಿ. ಅವಳು ಬಂದ ಮೇಲೆ ಪೆಟ್ಟಿಗೆಗಳು ನಜ್ಜಾಗುವುದು ನಿಂತಿದೆ ಎಂದು ಎಲ್ಲರೂ ನನ್ನೆದುರಿಗೇ ಹೊಗಳುತ್ತಾರೆ.

ಮೊನ್ನೆ ಧೈರ್ಯ ಮಾಡಿ ಯಜಮಾನರ ಹತ್ತಿರ ಮತ್ತೆ ಸಂಬಳದ ಮಾತೆತ್ತಿದೆ. ಲೋಡಿಂಗ್‌ನವರ ಸಂಬಳವೆಲ್ಲ ಇನ್ನು ಮೇಡಂ ತೀರ್ಮಾನ ಎಂದು ಕೈ ತೊಳೆದುಕೊಂಡರು. ಸಂಜೆ ಮನೆಯಲ್ಲಿ ಕಾಫಿ ಮಾಡಿಕೊಟ್ಟು, ಸಮಯ ನೋಡಿ, ವಿನಯದಿಂದಲೇ ಕೇಳಿದೆ.

ಅವಳು ಲೋಟ ಕೆಳಗಿಟ್ಟು, ನಿಜವಾಗಿಯೂ ತಿಳಿಯಬೇಕೆಂಬಂತೆ, "ಅದ್ಸರಿ, ನೀವಲ್ಲಿ ಏನ್ ಕೆಲ್ಸ ಮಾಡ್ತೀರಿ?" ಎಂದಳು.

ನಾನಿನ್ನೂ ಯೋಚಿಸುತ್ತಿದ್ದೇನೆ.