ಹಾಫ್ ಡುಪ್ಲೆಕ್ಸ್ ಬೀಗರ ಹಾಡು

ನನ್ನ ದೂರು ಗಂಡನ ಮೇಲಲ್ಲ, ಅತ್ತೆಯ ಮೇಲೂ ಅಲ್ಲ. ಲ್ಯಾಟಿನ್ ಭಾಷೆಯ ಮೇಲೆ. ಸೊಲ್ಲಾಪುರದ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರೊಬ್ಬರು ಇಂಗ್ಲಿಷಿನ ಪ್ರತಿಯೊಂದು ಶಬ್ದಕ್ಕೂ ಒಬ್ಬ ಲ್ಯಾಟಿನ್ ಅಜ್ಜ ಇರುತ್ತಾನೆಂದು ಕಲಿಸಿಬಿಟ್ಟರು. ಅಂದಿನಿಂದ ಯಾವ ಶಬ್ದ ಕಂಡರೂ ಅದರ ಅಜ್ಜನನ್ನು ಹುಡುಕುವುದು ನನ್ನ ಚಟ. ಮದುವೆಯಾಗಿ ಆಳಂದಕ್ಕೆ ಬಂದ ಮೇಲೆ ಈ ಮಹಾವಿದ್ಯೆ ಔಷಧಿ ಬಾಟಲಿಗಳ ಮೇಲಿನ ಚೀಟಿ ಓದುವುದಕ್ಕೂ, ತಾರು ಬಂದಾಗ ಅಳಬೇಕೋ ನಗಬೇಕೋ ಎಂದು ಓಣಿಯವರಿಗೆ ಅಪ್ಪಣೆ ಕೊಡುವುದಕ್ಕೂ ಉಪಯೋಗವಾಯಿತು. ಓಣಿಯಲ್ಲಿ ನನ್ನ ಇಂಗ್ಲಿಷಿಗೆ ಎದುರಾಡುವವರಿರಲಿಲ್ಲ. (ಹೆಸರಷ್ಟೇ ಸುಲಭಾ, ಉಳಿದದ್ದೆಲ್ಲ ಕಠಿಣ ಎಂದು ನಮ್ಮವರು ಅನ್ನುವುದುಂಟು. ನಾನು ಮನೆಯಲ್ಲಿಲ್ಲದಾಗ.)

ತೊಂಬತ್ತೆಂಟರಲ್ಲಿ ಮಗಳು ಪದ್ಮಜಾಳ ಮದುವೆ ಅಫಜಲಪುರದವರ ಜೊತೆ ಗೊತ್ತಾಯಿತು. ವರ ಒಳ್ಳೆಯವನು, ಮನೆತನ ಒಳ್ಳೆಯದು. ಹೆದರಿಕೆ ಇದ್ದದ್ದು ವರನ ಚಿಕ್ಕಮ್ಮ ಯಮುನಾಕಾಕುವಿನದು. ಬೀಗರ ಹಾಡಿನಲ್ಲಿ ಆಕೆ ಮಹಾರಥಿ. ಊಟದ ಪಂಕ್ತಿಯಲ್ಲಿ ಒಂದು ಕಡೆಯ ಹೆಂಗಸರು ಇನ್ನೊಂದು ಕಡೆಯವರ ಮಾನವನ್ನು ರಾಗವಾಗಿ ತೆಗೆಯುವುದು, ಅವರು ಅದೇ ರಾಗದಲ್ಲಿ ತಿರುಗಿ ತೆಗೆಯುವುದು, ಇದಲ್ಲವೆ ನಮ್ಮ ಬೀಗರ ಹಾಡು? ಉತ್ತರ ಹಾಡದವರು ಸೋತಂತೆ. ಹಿಂದೆ ಒಂದು ಮದುವೆಯಲ್ಲಿ ಯಮುನಾಕಾಕು ಹಾಡಿದ ಹೊಡೆತಕ್ಕೆ ಹುಡುಗಿಯ ತಾಯಿ ಉಗ್ರಾಣ ಸೇರಿದವಳು ಮಗಳನ್ನು ಕಳಿಸುವ ಹೊತ್ತಿಗೇ ಹೊರಬಂದಳಂತೆ. ಈ ಸಲ ಹುಡುಗಿಯ ತಾಯಿ ನಾನು. ನಮ್ಮ ಉಗ್ರಾಣಕ್ಕೆ ಕಿಟಕಿಯೂ ಇಲ್ಲ.

ಉತ್ತರ ಕೊಡುವ ತಾಕತ್ತು ನಮ್ಮ ಕಡೆ ಇಬ್ಬರಿಗಿತ್ತು. ನನ್ನ ಅತ್ತೆ ಜಾನಕೀಬಾಯಿ ಮತ್ತು ಜೇವರ್ಗಿಯಲ್ಲಿದ್ದ ಅವರ ತಂಗಿ ಶಾರದಾಬಾಯಿ. ಅಕ್ಕ ಹಾಡಿನ ಸೊಲ್ಲು ಎಸೆಯಬೇಕು, ತಂಗಿ ಹಿಡಿದು ಮುಗಿಸಬೇಕು. ಒಬ್ಬರೇ ಹಾಡಿದರೆ ಒಂಟಿ ಚಪ್ಪಲಿ. ಆದರೆ ಎಷ್ಟೋ ವರ್ಷದ ಹಿಂದೆ ಯಾರದೋ ಮುಂಜಿವೆಯಲ್ಲಿ ಅಕ್ಕನ ಸೊಲ್ಲು ಮುಗಿಯುವ ಮೊದಲೇ ತಂಗಿ ಬಾಯಿ ಹಾಕಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಆಕಿ ನನ್ನ ಸೊಲ್ಲು ನುಂಗ್ಯಾಳ. ಆಕಿ ಮಾರಿ ನೋಡಕೋತ ನಾ ಹಾಡಂಗಿಲ್ಲ," ಎಂದರು ಅತ್ತೆ.

ಜೇವರ್ಗಿಯಿಂದ ಬಂದ ಉತ್ತರ: "ಆಕಿ ಒಂದು ಸೊಲ್ಲಿಗೆ ಅರ್ಧ ತಾಸು ಎಳೀತಾಳ. ನಾ ನುಂಗದಿದ್ರ ಮಂದಿ ನಿದ್ದಿ ಹೋಗ್ತಿದ್ರು."

ಆಗ ನನಗೊಂದು ದಿವ್ಯ ವಿಚಾರ ಹೊಳೆಯಿತು. ಮಾರಿ ನೋಡುವುದೇ ಬೇಡ! ಅಕ್ಕ ಒಂದು ದಿನ ಹಾಡಲಿ, ತಂಗಿ ಇನ್ನೊಂದು ದಿನ ಬಂದು ಅದನ್ನು ಕೇಳುತ್ತ ತನ್ನ ಸೊಲ್ಲು ಹಾಡಲಿ. ಎರಡನ್ನೂ ಕಂಪ್ಯೂಟರಿನಲ್ಲಿ ಹೊಲಿದು ಕ್ಯಾಸೆಟ್ ಮಾಡಿ ಮದುವೆಯಲ್ಲಿ ಹಚ್ಚಿದರಾಯಿತು. ಕಂಪ್ಯೂಟರು ಮನೆಯಲ್ಲೇ ಇತ್ತು. ಕಾಲೇಜಿನಲ್ಲಿ ಗಣಿತ ಕಲಿಸುವ ನಮ್ಮವರು, ವಾಮನರಾಯರು, ಮುಚ್ಚಿಹೋದ ಟೈಪಿಂಗ್ ಕ್ಲಾಸಿನವರಿಂದ ಅದನ್ನು ತಂದಿದ್ದರು. ಅದಕ್ಕೆ ದನಿ ಇರಲಿಲ್ಲ. (ಹೀಗೆ ನಮ್ಮ ಮನೆಯಲ್ಲಿ ಲೆಕ್ಕ ಚೆನ್ನಾಗಿ ಬರುವ ಮೂಕರು ಇಬ್ಬರಿದ್ದರು.) ದನಿ ಬರಬೇಕೆಂದರೆ ಸೌಂಡ್ ಕಾರ್ಡ್ ಬೇಕು ಎಂದರು ನಮ್ಮವರು.

"ಅದೂ ಕಾರ್ಡೇನು?" ಅತ್ತೆ ಕೇಳಿದರು. "ರೇಷನ್ ಕಾರ್ಡಿನ್ಯಾಗಂತೂ ನನ್ನ ಹೆಸರು ಕಡೀಕ್ ಹಾಕೀರಿ. ಇದ್ರಾಗರ ಮೊದಲ ಹಾಕಸ್ರಿ."

ಬಸ್ ಸ್ಟ್ಯಾಂಡಿನ ಹತ್ತಿರ ಖಾದರಸಾಬನ ಅಂಗಡಿ. ಮೊದಲು ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವನು ಆಗಷ್ಟೇ ಹೈದರಾಬಾದಿನಿಂದ ಕಂಪ್ಯೂಟರ್ ಸಾಮಾನು ತರಿಸಿ, ಅದು ಏನೆಂದು ತನಗೂ ಗೊತ್ತಾಗದೆ, ಗಾಜಿನ ಕಪಾಟಿನಲ್ಲಿಟ್ಟು ಮಾರುತ್ತಿದ್ದ. ಎರಡು ಡಬ್ಬಿ ತೆಗೆದಿಟ್ಟ.

"ನೋಡ್ರಿ ಮೇಡಂ, ಎರಡೂ ಹದಿನಾರು ಬಿಟ್ಟು. ಎಂಟು ಬಿಟ್ಟು ಈಗ ಬಂದ್ ಆಗ್ಯಾವ."

"ಎಂಟು ಬಿಟ್ಟು, ಹದಿನಾರು ಬಿಟ್ಟು, ಉಳಿದದ್ದರ ಏನದ ಇದ್ರಾಗ?" ಎಂದೆ. ಅವನು ನಗಲಿಲ್ಲ. ವ್ಯಾಪಾರದ ಹೊತ್ತಿನಲ್ಲಿ ಶ್ಲೇಷೆ ಯಾರಿಗೂ ಬೇಡ.

"ಎರಡಕ್ಕೂ ಫರಕ್ ಏನು?" ನಮ್ಮವರು ಕೇಳಿದರು.

ಖಾದರಸಾಬ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಓದಿದ: "ಇದು ಫುಲ್ ಡುಪ್ಲೆಕ್ಸ್. ಇದು ಹಾಫ್ ಡುಪ್ಲೆಕ್ಸ್."

"ಅಂದ್ರ?"

"ಅಂದ್ರ... ಇದು ಫುಲ್ ಅದರಿ. ಇದು ಹಾಫ್."

ನನ್ನೊಳಗಿನ ಸಿಸ್ಟರು ಎದ್ದು ಕೂತರು. ಡುಪ್ಲೆಕ್ಸ್, ಡುಪ್ಲಿಕೇಟ್, ಎರಡಕ್ಕೂ ಅಜ್ಜ ಒಬ್ಬನೇ! ಎರಡು ಎಂದು ಅರ್ಥ. ಒಂದು ಅಸಲು, ಒಂದು ನಕಲು. ಬಜಾರಿನಲ್ಲಿ ಡುಪ್ಲಿಕೇಟ್ ಎಂದರೆ ಏನೆಂದು ಎಳೆ ಕೂಸಿಗೂ ಗೊತ್ತು.

"ಖಾದರಸಾಬ," ಎಂದೆ ಗಂಭೀರವಾಗಿ, "ಫುಲ್ ಡುಪ್ಲಿಕೇಟ್ ಮಾಲು ಡಬ್ಬಿ ಮ್ಯಾಲ ಹಂಗೇ ಬರದು ಮಾರಾಕತ್ತೀಯಲ್ಲ, ನಿನ್ನ ಧೈರ್ಯಾ ಮೆಚ್ಚಬೇಕು."

"ಯಾ ಅಲ್ಲಾ! ಡುಪ್ಲಿಕೇಟ್ ಏನ್ರಿ ಇದು?" ಅವನು ಡಬ್ಬಿಯನ್ನು ಕೈಬಿಟ್ಟ.

"ಸುಲಭಾ, ಅದು ಬ್ಯಾರೆ ಏನರ ಇರಬಹುದು," ನಮ್ಮವರು ಗೊಣಗಿದರು. "ಒಳಗಿನ ಪುಸ್ತಕಾ ಒಂದ್ಸಲ..."

"ಗಣಿತ ನಿಮ್ಮದು, ಇಂಗ್ಲಿಷ್ ನಂದು. ನಾ ಎಂದರ ನಿಮ್ಮ ಲಾಗರಿದಮ್‌ನ್ಯಾಗ ಬಾಯಿ ಹಾಕೀನೇನು?"

"ಇಲ್ಲ."

"ಹಂಗಾರ ಸುಮ್ಮನಿರ್ರಿ," ಎಂದು ಖಾದರಸಾಬನ ಕಡೆ ತಿರುಗಿದೆ. "ಪೂರಾ ಅಸಲಂತೂ ನಿನ್ನ ಕಡೆ ಕಾಣವಲ್ದು. ಇದ್ದದ್ರಾಗ ಅರ್ಧ ಡುಪ್ಲಿಕೇಟೇ ಛಲೋ. ಹಾಫ್ ಕೊಡು."

"ಮೇಡಂ ಓದಿದವರು," ಎಂದು ಖಾದರಸಾಬ ಫುಲ್ ಡಬ್ಬಿಯನ್ನು ಅಪರಾಧಿಯಂತೆ ಕಪಾಟಿನ ಹಿಂದೆ ತಳ್ಳಿದ.

ಅತ್ತೆ ತಮ್ಮ ಸೊಲ್ಲುಗಳನ್ನು ಒಂದು ಮುಂಜಾನೆ ಹಾಡಿ ಮುಗಿಸಿದರು. ನಡುನಡುವೆ ತಂಗಿಗೆಂದು ಜಾಗ ಬಿಟ್ಟರು. "ನುಂಗೋದಿದ್ರ ಈಗ ನುಂಗಲಿ, ಬಿಟ್ಟೇನಿ," ಎಂದು ಮೈಕಿಗೆ ಹೇಳಿದರು. ಶಾರದಾಬಾಯಿ ಬರುವ ದಿನ ತಾವಾಗಿಯೇ ಹಿತ್ತಲ ಗೋಡೆಯಾಚೆ ಭಾಗಮ್ಮನ ಮನೆಗೆ ಹೋಗಿ ಕೂತರು.

ಶಾರದಾಬಾಯಿ ಬಸ್ಸಿಳಿದು ಬಂದು, ಅಕ್ಕನ ಮಣೆಗೆ ಬೆನ್ನು ತಿರುಗಿಸಿ ಕೂತರು. ನಮ್ಮವರು ಅವರ ಕಿವಿಗೆ ಹೆಡ್‌ಫೋನು ಹಾಕಿದರು. ಕಂಪ್ಯೂಟರಿನೊಳಗಿಂದ ಅಕ್ಕನ ದನಿ ಬಂತು:

ಬೀಗತಿ ಬಂದಾಳ ಬಿಂಕದ ರಾಣಿ
ಹೋಳಿಗಿ ಕಂಡು ಹಿಡದಾಳ ಗೋಣಿ

ಶಾರದಾಬಾಯಿ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡರು. "ಇನ್ನಾ ಹಂಗೇ ಮೂಗಿನ್ಯಾಗೇ ಹಾಡ್ತಾಳ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನನ್ನು ನೋಡಿ, "ಬಸ್ಸಿನ್ಯಾಗ ಧೂಳಾ ಭಾಳ," ಎಂದರು.

ನಮ್ಮವರು ರೆಕಾರ್ಡಿನ ಗುಂಡಿ ಒತ್ತಿದರು. ಅಕ್ಕನ ದನಿ ನಿಂತಿತು. ಮತ್ತೆ ದನಿ ಹಚ್ಚಿದರು. ರೆಕಾರ್ಡು ನಿಂತಿತು. ಅದು ಹಾಡಿದರೆ ಕೇಳುವುದಿಲ್ಲ, ಕೇಳಿದರೆ ಹಾಡುವುದಿಲ್ಲ. ಕೊನೆಗೆ ನಮ್ಮವರು ಡಬ್ಬಿಯೊಳಗಿನ ಪುಸ್ತಕ ತೆಗೆದು ಓದಿದರು. ಗಣಿತದವರ ಕೆಟ್ಟ ಗುಣವೆಂದರೆ ಉತ್ತರ ಸಿಕ್ಕರೆ ಗಟ್ಟಿಯಾಗಿ ಹೇಳುತ್ತಾರೆ.

"ಡುಪ್ಲಿಕೇಟ್ ಅಲ್ಲ ಸುಲಭಾ. ಫುಲ್ ಡುಪ್ಲೆಕ್ಸ್ ಅಂದ್ರ ಒಂದೇ ಟೈಮಿಗೆ ಹಾಡೂ ಕೇಳಸ್ತದ, ಹಾಡಿದ್ದೂ ತುಂಬಿಕೋತದ. ಹಾಫ್ ಅಂದ್ರ ಒಮ್ಮಿಗೆ ಒಂದೇ. ನಮಗ ಬೇಕಾಗಿದ್ದು ಫುಲ್ಲೇ."

(ನಮ್ಮ ಮನೆಯಲ್ಲಿ ನಾನು ಫುಲ್ ಡುಪ್ಲೆಕ್ಸ್, ನಮ್ಮವರು ಹಾಫ್. ಅದೂ ಕೇಳುವ ಅರ್ಧ. ಅಂದು ಮಾತ್ರ ಉಲ್ಟಾ ಆಗಿತ್ತು.)

"ಹಂಗಾರ ನಾ ಜೇವರ್ಗಿ ಬಸ್ಸಿಗೆ ಹೋಗ್ತೇನಿ," ಶಾರದಾಬಾಯಿ ಎದ್ದರು.

"ಕೂಡ್ರಿ ಮಾವಶಿ! ಅತ್ತಿ ಸೊಲ್ಲು ನಾ ಹಾಡ್ತೇನಿ. ನೀವು ಹಿಂದಿಂದ ನಿಮ್ಮದು ಹಾಡ್ರಿ. ಆಮ್ಯಾಲ ನನ್ನ ದನಿ ತಗದು ಅತ್ತೀದು ಕೂಡಸ್ತಾರ."

ನಮ್ಮವರು ರೆಕಾರ್ಡಿನ ಗುಂಡಿ ಒತ್ತಿ ಕೂತರು. ನಾನು ಬೆನ್ನು ನೆಟ್ಟಗೆ ಮಾಡಿ, ಕೈ ಜೋಡಿಸಿ, ಕಾನ್ವೆಂಟಿನಲ್ಲಿ ಕಲಿಸಿದಂತೆ ಹೊಟ್ಟೆಯಿಂದ ಉಸಿರೆಳೆದು ಹಾಡಿದೆ: "ಬೀ... ಗ... ತೀ... ಬಂ... ದಾ... ಳಾ..."

ಶಾರದಾಬಾಯಿ ಹೆದರಿ ನೋಡಿದರು. "ಏನವಾ ಇದು? ಬೀಗತಿ ಬಂದಳೋ ತೀರಿಕೊಂಡಳೋ?"

ಅಷ್ಟರಲ್ಲಿ ಹಿತ್ತಲ ಬಾಗಿಲಾಚೆಯಿಂದ ಗುಡುಗು: "ಸುಲೂ! ನನ್ನ ಸೊಲ್ಲಿನ ಗೋಣು ಮುರೀಬ್ಯಾಡ!" ಭಾಗಮ್ಮನ ಮನೆಯಲ್ಲಿರಬೇಕಾದ ಅತ್ತೆ ಯಾವಾಗಲೋ ನಮ್ಮ ಬಾಗಿಲಿಗೆ ಕಿವಿ ಹಚ್ಚಿದ್ದರು. ಅಲ್ಲಿಂದಲೇ ಸರಿಯಾದ ಸೊಲ್ಲು ಎಸೆದರು. ತಂಗಿಯ ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು:

ಗೋಣಿ ತುಂಬೀತ ಹೊಟ್ಟಿ ತುಂಬಲಿಲ್ಲ
ಎಲಿನೂ ತಿಂದಾಳ ಹಿಡೀರೆ ಎಲ್ಲಾ

ಬಾಗಿಲ ಆಚೆ ಅಕ್ಕ, ಈಚೆ ತಂಗಿ. ಸೊಲ್ಲಿಗೆ ಸೊಲ್ಲು ಬಿತ್ತು. ಬೀಗತಿಯ ಮೂಗು, ಬುಗುಡಿ, ನಡಿಗೆ ಎಲ್ಲ ಮುಗಿದವು. ಬಾಗಿಲು ತೆರೆಯಿತು. ಮಾರಿ ನೋಡಲಾರೆ ಎಂದವರು ಮಾರಿಗೆ ಮಾರಿ ಕೊಟ್ಟು ನಿಂತರು. ಇಬ್ಬರಿಗೂ ಒಮ್ಮೆಲೇ ನಗು ಬಂತು. ಯಾಕೆಂದರೆ ಇಬ್ಬರೂ ನನ್ನ ಕಡೆ ನೋಡಿದ್ದರು.

"ಶಾರದಾ, ಸೊಸಿ ಹಾಡಿದ್ದು ಕೇಳಿದೇನ?"

"ಕೇಳಿದೆ ಅಕ್ಕಾ. ಕಾರ್ಡು ತಂದದ್ದೂ ಕೇಳಿದೆ."

ಬೀಗರು ದೂರವಿದ್ದರು, ನಾನು ಹತ್ತಿರವಿದ್ದೆ. ಅಕ್ಕ ಹೊಸ ಸೊಲ್ಲು ಕಟ್ಟಿದರು:

ಇಂಗ್ಲಿಷ ಕಲತಾಳ ಸೊಸಿ ನಮ್ಮಾಕಿ
ಸಾರಿಗೆ ಇಟ್ಟಾಳ ಸಕ್ಕರಿ ಹಾಕಿ

ತಂಗಿ ಹಿಡಿದರು:

ಸಾರು ಕೆಡಸಿ ಸಾರಿ ಅಂತಾಳ
ಉಂಡವರಿಗೆ ಥ್ಯಾಂಕ್ಯೂ ಅಂತಾಳ

ಹಾಡು ಅಲ್ಲಿಗೇ ನಿಲ್ಲಲಿಲ್ಲ. ನನಗೆ ಸಿಟ್ಟು ಬಂದದ್ದು ನಿಜ. ಅದಕ್ಕಿಂತ ಹೆಚ್ಚಾಗಿ, ಇಂಥ ಶ್ಲೇಷೆ ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಆದರೂ ಇರಲಿ ಎಂದುಕೊಂಡೆ. ಇಬ್ಬರೂ ಒಂದಾದರಲ್ಲ, ಇನ್ನು ಯಮುನಾಕಾಕು ಬರಲಿ, ನೋಡಿಕೊಳ್ಳೋಣ.

ಶಾರದಾಬಾಯಿ ಜೇವರ್ಗಿಗೆ ತಿರುಗಿ ಹೋಗಲೇ ಇಲ್ಲ. ಅಕ್ಕತಂಗಿ ಹಗಲೂ ರಾತ್ರಿ ಮಾತಾಡಿದರು. ಅಷ್ಟು ವರ್ಷ ಬಾಕಿ ಉಳಿದ ಮಾತು. ಮದುವೆಯ ಹೊತ್ತಿಗೆ ಇಬ್ಬರ ಗಂಟಲೂ ಪೂರ್ತಿ ಕಟ್ಟಿಹೋಗಿ, ಬಾಯಿ ತೆರೆದರೆ ಗಾಳಿ ಬರುತ್ತಿತ್ತು. ಫುಲ್ ಡುಪ್ಲೆಕ್ಸ್ ಎರಡು, ಸೌಂಡ್ ಇಲ್ಲ.

"ಕ್ಯಾಸೆಟ್ ಅದ ಅಲ್ಲ," ಎಂದರು ನಮ್ಮವರು. "ಅವತ್ತಿಂದು ಎಲ್ಲಾ ತುಂಬೇನಿ. ಒಂದು ಅಕ್ಷರಾನೂ ಕತ್ತರಿಸಿಲ್ಲ."

ಆ ಮಾತಿನ ಅರ್ಥ ನಾನು ವಿಚಾರಿಸಬೇಕಿತ್ತು. ಆದರೆ ಕೈಯಲ್ಲಿ ಅಕ್ಕಿಯ ಪರಾತ ಇತ್ತು.

ಮದುವೆಯ ಪಂಕ್ತಿ ಕೂತಿತು. ಮಧ್ಯದಲ್ಲಿ ಯಮುನಾಕಾಕು, ಗಂಟಲು ಸರಿಮಾಡಿಕೊಳ್ಳುತ್ತ. ಆಕೆ ಬಾಯಿ ತೆರೆಯುವುದಕ್ಕೆ ಮೊದಲೇ ಲೌಡ್‌ಸ್ಪೀಕರಿನಲ್ಲಿ ನಮ್ಮ ಹಾಡು ಹೊಡೆಯಿತು. ಬಿಂಕದ ರಾಣಿ, ಗೋಣಿ, ಬುಗುಡಿ. ಅಫಜಲಪುರದವರ ಮುಖ ಸಪ್ಪಗಾಯಿತು. ಗೆದ್ದೆವು! ನಾನು ಸಾರಿನ ಬೋಗುಣಿ ಎತ್ತಿಕೊಂಡು ವಿಜಯಯಾತ್ರೆ ಹೊರಟೆ. ಮೊದಲ ಎಲೆಗೆ ಬಗ್ಗುವಷ್ಟರಲ್ಲಿ ಲೌಡ್‌ಸ್ಪೀಕರ್ ಕೂಗಿತು:

ಸಾರು ಕೆಡಸಿ ಸಾರಿ ಅಂತಾಳ

ಇಡೀ ಪಂಕ್ತಿ ಒಮ್ಮೆಲೇ ಎರಡೂ ಕೈ ಎಲೆಗೆ ಅಡ್ಡ ಹಿಡಿಯಿತು. ಹಿಂದೆಯೇ ಅರ್ಧ ತಾಸಿನ ಹಾಡು. ನನ್ನ ಅಡಿಗೆ, ನನ್ನ ಲ್ಯಾಟಿನ್, ಅಂಗಡಿಯಲ್ಲಿ ನಾನು ತೋರಿಸಿದ ಪಾಂಡಿತ್ಯ, ನನ್ನ ಕಂಠ. (ಕಂಠದ ನಮೂನೆಯನ್ನೂ ನಮ್ಮವರು ಕತ್ತರಿಸದೆ ಕೊನೆಗೆ ಜೋಡಿಸಿದ್ದರು.) ಅಫಜಲಪುರದವರು ನಕ್ಕು ನಕ್ಕು ಎಲೆಯ ಮೇಲೆ ಬಿದ್ದರು. ನಾನು ಬೋಗುಣಿ ಹಿಡಿದುಕೊಂಡು ಉಗ್ರಾಣದ ಬಾಗಿಲು ಎಷ್ಟು ದೂರವಿದೆ ಎಂದು ಅಂದಾಜು ಮಾಡುತ್ತಿದ್ದೆ.

ಯಮುನಾಕಾಕು ಕೈತೊಳೆದುಕೊಂಡು ನೆಟ್ಟಗೆ ನನ್ನ ಹತ್ತಿರ ಬಂದರು. ಹೊಡೆತಕ್ಕೆ ಸಿದ್ಧಳಾಗಿ ಕಣ್ಣು ಮುಚ್ಚಿದೆ. ಆಕೆ ನನ್ನ ಬೋಗುಣಿಯನ್ನು ಮೆಲ್ಲಗೆ ಕೆಳಗಿಳಿಸಿ, ತಲೆ ನೇವರಿಸಿ, ಸ್ವಂತ ತಂಗಿಗೆ ಹೇಳುವಂತೆ ಹೇಳಿದರು:

"ನಾವೂ ನಿಮ್ಮ ಮ್ಯಾಲ ಎರಡು ತಿಂಗಳಿಂದ ಹಾಡು ಕಟ್ಟಿಕೊಂಡು ಬಂದಿದ್ವಿರಿ. ಏನು ಮಾಡೋದು? ಹಾಡಾಕ ನಿಮ್ಮ ಮಂದೀನೇ ನಮಗೇನೂ ಉಳಿಸಿಲ್ಲ."