ಗೆರೆ ನನ್ನದು, ದಾರ ಅತ್ತೆಯದು

ನಮ್ಮ ಸೋದರತ್ತೆಯ ಕಸೂತಿ ತಲೆಯಿಂದ ನೇರವಾಗಿ ಸೂಜಿಗೆ ಇಳಿಯುತ್ತದೆ ಎಂದು ಧಾರವಾಡದ ನಮ್ಮ ಓಣಿಯೆಲ್ಲ ನಂಬಿದೆ. ನಾನು ವಿರೋಧಿಸುತ್ತೇನೆ! ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ಇದು, ಸಾಕ್ಷಿಯಿಲ್ಲದೆ ಆಡುವುದಿಲ್ಲ. ಆಕೆ ಕಳ್ಳಿ. ಕದಿಯುವುದು ಮಂದಿ ಗೀಚಿದ ಗೆರೆಗಳನ್ನು.

ಒಮ್ಮೆ ನನ್ನನ್ನು ಪೇಟೆಯ ಸ್ಟೇಷನರಿ ಅಂಗಡಿಗೆ ಕರೆದೊಯ್ದಳು. ಪೆನ್ನು ಬರೆಯುತ್ತದೋ ಇಲ್ಲವೋ ಎಂದು ಗಿರಾಕಿಗಳು ಗೀಚಿ ನೋಡುವ ಹಾಳೆ ಇರುತ್ತದಲ್ಲ, ಅದರ ಮೇಲೆ ಅವಳ ಕಣ್ಣು!

"ಯಾವ ಪೆನ್ ಕೊಡ್ಲಿರಿ, ಅಕ್ಕಾರ?"

"ಪೆನ್ ತಗೊಂಡ ಏನ ಮಾಡ್ಲಿ? ಆ ಹಾಳಿ ಕೊಡ್ರಿ."

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಈಕೆ ಯಾರೋ ಎಂಬಂತೆ ರಬ್ಬರಿನ ಬೆಲೆ ಕೇಳತೊಡಗಿದೆ. ತಿಂಗಳೊಪ್ಪತ್ತಿನಲ್ಲಿ ಯಾರದೋ ಸುರುಳಿ, ಯಾರದೋ ಅರ್ಧ ಸಹಿ ಇಳಕಲ್ ಸೀರೆಯ ಸೆರಗಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿದ್ದವು. ಬಟ್ಟೆಯ ಎಳೆ ಎಣಿಸಿ ಹೊಲಿಯುವ ಕಸೂತಿಯಲ್ಲಿ ದುಂಡು ಗೆರೆಗೂ ಮೂಲೆ ಮೂಡುತ್ತದೆ ನೋಡಿ!

ಸಿಲಿಂಡರ್ ತರುವವನ ಸಹಿಯೂ ಸೀರೆ ಏರಿತು. ಅವನ ಮೇಲೆ ನನಗೆ ಹೊಟ್ಟೆಕಿಚ್ಚು ಬಂತೆಂದರೆ ನಂಬುತ್ತೀರಾ? ಚರ್ಚೆಯ ಟಿಪ್ಪಣಿಗಳ ಅಂಚಿನಲ್ಲಿ ನಾನು ಗೀಚಿದ್ದು ಕಡಿಮೆಯೇ? ಅದನ್ನೆಲ್ಲ ಬೇಕೆಂದೇ ಅವಳ ದಾರದ ಡಬ್ಬಿಯ ಕೆಳಗೆ ಇಟ್ಟು ಬರುತ್ತಿದ್ದೆ. ಅಷ್ಟೇ ನಿಷ್ಠೆಯಿಂದ ಅವಳು ವಾಪಸು ಕೊಡುತ್ತಿದ್ದಳು.

"ಇದು ಗೀಚಿದ್ದಲ್ಲ, ವಕೀಲವ್ವಾ. ತೋರಸಾಕ ಬರದದ್ದು."

ಮರುದಿನ ಇನ್ನೊಂದು ಹಾಳೆ ಇಟ್ಟು ಬಂದೆ!

ಈ ಬೇಸಿಗೆಯಲ್ಲಿ ಅವಳ ಕಣ್ಣು ತೋರಿಸಲು ಇಬ್ಬರೂ ಸತ್ತೂರಿನ ಆಸ್ಪತ್ರೆಗೆ ಹೋದೆವು. ನಾನು ಸುಮ್ಮನಿರಲಾರದೆ ನಂಬರ್ ಚೀಟಿಯ ಹಿಂದೆ ಗೀಚುತ್ತ ಕೂತೆ. ಡಾಕ್ಟರ ಕೋಣೆಯೊಳಗೆ ಹೋದ ಮೇಲೂ ಕೈ ನಿಲ್ಲಲಿಲ್ಲ.

"ಎಳಿ ಎಣಿಸೂದು ಇನ್ನ ಸಾಕ್ರಿ, ಅಮ್ಮಾರ. ಇದ್ದಷ್ಟು ಕಣ್ಣ ಉಳಿಸ್ಕೊಳ್ರಿ," ಎಂದರು ಡಾಕ್ಟರು.

ಆಗ ನನ್ನ ಪೆನ್ನು ನಿಂತಿತು, ಒತ್ತಿದ ಮೊನೆಗೆ ಚೀಟಿ ತೂತಾಯಿತು. ಹೊರಗೆ ಬಂದವಳೇ ಅತ್ತೆ ಚೀಟಿ ಕಸಿದುಕೊಂಡಳು.

ಎರಡು ತಿಂಗಳ ನಂತರ ಬಸುರಿ ಅತ್ತಿಗೆಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಅತ್ತೆ ಹೊಸ ಸೀರೆ ಉಟ್ಟು ಬಂದಳು. ಸೆರಗಿನ ತುಂಬ ನನ್ನ ಚೀಟಿ! "ಏನ ಕಲ್ಪನಾರಿ ನಿಮ್ದು!" ಎಂದು ಹೆಂಗಸರು ಅವಳನ್ನು ಮುತ್ತಿದರು. ನನ್ನ ಹೆಸರನ್ನು ಒಬ್ಬರಾದರೂ ಎತ್ತಬೇಡವೇ?

"ಅದು ನಂದು!" ಎಂದು ಕೂಗಿದೆ.

"ಗೆರಿ ನಿಂದು, ದಾರ ನಂದು. ಹರದ ಪಾಲ ಮಾಡೂಣೇನ?"

ಎಲ್ಲರೂ ನಕ್ಕರು. ನಾನು ಹೊಟ್ಟೆ ಉರಿದುಕೊಂಡು ತಪ್ಪು ಹುಡುಕಲು ಸೆರಗು ತಿರುವಿದೆ. ಕಸೂತಿಗೆ ಹಿಂದೂ ಮುಂದೂ ಒಂದೇ ರೂಪ, ಗಂಟು ಇರಕೂಡದು. "ಗಂಟ ಹಾಕೂದು ಸೋತವರ ಕೆಲಸ" ಎಂಬುದು ಅತ್ತೆಯದೇ ಮಾತು. ಸಿಕ್ಕಿತು! ಒಂದು ಗಂಟು, ಸಾಸಿವೆಯಷ್ಟು. "ಮಾನ್ಯ ನಿರ್ಣಾಯಕರೇ" ಎಂದು ಶುರುಮಾಡಿಯೇಬಿಟ್ಟೆ. ಗಂಟು ಎಲ್ಲಿದೆ ಎಂದು ತೋರಿಸಲು ಸೆರಗನ್ನು ಮತ್ತೆ ಈಚೆ ತಿರುವಿದರೆ, ಡಾಕ್ಟರ ಮಾತಿಗೆ ನನ್ನ ಪೆನ್ನು ನಿಂತು ಚೀಟಿ ತೂತಾಗಿತ್ತಲ್ಲ, ಸರಿಯಾಗಿ ಅದೇ ಜಾಗ.

ಸೆರಗನ್ನು ಕೈಬಿಟ್ಟೆ. ಅತ್ತೆ ಎದುರಿಗಿದ್ದ ಕುಂಕುಮದ ಬಟ್ಟಲಿಗಾಗಿ ತಟ್ಟೆಯ ಮೇಲೆ ಕೈಯಾಡಿಸುತ್ತಿದ್ದಳು. ಬಟ್ಟಲನ್ನು ಅವಳ ಬೆರಳಿಗೆ ತಾಕಿಸಿ ಮೆಲ್ಲಗೆ ಕೇಳಿದೆ:

"ಅತ್ತೀ, ಈ ಗಂಟ ಕಣ್ಣ ಕಾಣಲಾರದ್ದಕ್ಕ ಬಿತ್ತೋ, ನನ್ನ ಪೆನ್ ನಿಂತದ್ದ ಕಂಡು ಹಾಕಿದ್ಯೋ?"