ಕತ್ತಿ-ಗುರಾಣಿ ಪುಸ್ತಕಕ್ಕೆ ಮೂರು ಕೊಟೇಶನ್

ನಮ್ಮ ಭಾವ ಈ ಜನ್ಮದಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಸುಮ್ಮನೆ ಕೊಂಡವರಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಅಕ್ಕನ ಮನೆಗೆ ಹೋಗಿ ಎರಡು ದಿನ ಇದ್ದು ಬನ್ನಿ, ಸಾಕು! ಭಾವ ತಿರುವನಂತಪುರದ ಪಟ್ಟಂನಲ್ಲಿರುವ ಒಂದು ಸರ್ಕಾರಿ ಕಚೇರಿಯಲ್ಲಿ ಖರೀದಿ ವಿಭಾಗದ ಅಧಿಕಾರಿ. ಅಗತ್ಯವೇನೆಂದು ಟಿಪ್ಪಣಿ ಬರೆಯದೆ, ಮೂರು ಕೊಟೇಶನ್ ತರಿಸದೆ, ಮಾದರಿ ಪರೀಕ್ಷಿಸದೆ ಒಂದು ಸ್ಟೇಪ್ಲರ್ ಪಿನ್ನನ್ನೂ ಒಳಗೆ ಬಿಟ್ಟುಕೊಳ್ಳದ ಆಸಾಮಿ. ಕಚೇರಿಯಲ್ಲಿ ಹಾಗಿರಲಿ, ಯಾರು ಬೇಡವೆಂದರು? ಮನೆಗೊಂದು ಮಿಕ್ಸಿ ಬರುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು! ಅಕ್ಕನನ್ನು ನೋಡಲು ಬಂದಾಗಲೂ ಬೇರೆ ಎರಡು ಮನೆಗಳಿಂದ ಕೊಟೇಶನ್ ತರಿಸಿದ್ದರೋ ಏನೋ. ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬಂದಿಲ್ಲ.

ಇಂಥವರಿಗೆ ಒಬ್ಬಳೇ ಮಗಳು, ಪ್ಲಸ್ ಟು ಓದುವವಳು. ಕಾಸರಗೋಡಿನ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಮಲಯಾಳ. ಈಚೆಗೆ ಅದೂ ಕಡಿಮೆಯಾಗಿತ್ತು. "ದೋಸೆ ಹಾಕ್ಲಾ ಮಗಾ?" ಎಂದರೆ "ವೇಂಡ." "ಪರೀಕ್ಷೆ ಹೇಗಾಯ್ತು?" ಎಂದರೆ "ಕುಳಪ್ಪಮಿಲ್ಲ." ಬೇಡ, ತೊಂದರೆಯಿಲ್ಲ, ಈ ಎರಡೇ ಮಾತಿನಲ್ಲಿ ಅಪ್ಪ ಮಗಳ ಒಂದು ವಾರದ ಮಾತುಕತೆ ಮುಗಿಯುತ್ತಿತ್ತು.

ಹೀಗಿರುವಾಗ ಹುಡುಗಿ ಎಲ್ಲಿಂದಲೋ ಒಂದು ಆಟ ಕಲಿತು ಬಂದಳು. ಮೇಜಿನ ಸುತ್ತ ನಾಲ್ಕು ಜನ ಕೂರುವುದು. ಒಬ್ಬರು ಕಥೆ ನಡೆಸುವುದು, ಉಳಿದವರು ಶೂರನೋ ಕಳ್ಳನೋ ಮಂತ್ರವಾದಿಯೋ ಆಗಿ ಆ ಕಥೆಯೊಳಗೆ ನುಗ್ಗುವುದು. ಹೊಡೆತ ತಾಗಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ವೇಷವಿಲ್ಲ, ರಂಗವಿಲ್ಲ, ಎಲ್ಲವೂ ಬಾಯಲ್ಲೇ. ಬಾಗಿಲಲ್ಲಿ ನಿಂತು ನೋಡಿದ ಭಾವನ ಮುಖ ಅರಳಿತು.

"ಇದು ನಮ್ಮ ತಾಳಮದ್ದಳೆಯೇ ಅಲ್ವಾ! ಚೆಂಡೆಯ ಬದಲು ದಾಳ, ಅಷ್ಟೆ!" ಎಂದು ಕುರ್ಚಿ ಎಳೆದು ಕೂತೇಬಿಟ್ಟರು.

ಮಗಳು ಕಥೆ ನಡೆಸುವವಳು, ಭಾವ ಶೂರ, ಅವಳ ಇಬ್ಬರು ಗೆಳತಿಯರು ಮಂತ್ರವಾದಿಗಳು. ಗುಹೆಯಲ್ಲಿ ಒಬ್ಬ ಕುಳ್ಳ ರಾಕ್ಷಸ ಎದುರಾದ. ಗೆಳತಿಯರು ಹೊಡಿ ಬಡಿ ಎಂದು ದಾಳ ಎತ್ತಿದರೆ ಭಾವ ಕೈ ಅಡ್ಡ ಹಿಡಿದರು. ಎದುರಾಳಿಯನ್ನು ಮಾತಾಡಿಸದೆ ಹೊಡೆಯುವ ತಾಳಮದ್ದಳೆಯನ್ನು ಕಾಸರಗೋಡಿನಲ್ಲಿ ಯಾರಾದರೂ ಕಂಡದ್ದುಂಟೇ? "ಎಲವೋ ಕುಬ್ಜನೇ, ಯಾರು ನೀನು? ಈ ಗುಹೆ ನಿನಗೆ ಪಿತ್ರಾರ್ಜಿತವೋ, ಸ್ವಯಾರ್ಜಿತವೋ?" ಎಂದು ಶುರುವಾದದ್ದು ನಲವತ್ತು ನಿಮಿಷ ನಡೆಯಿತು. ರಾಕ್ಷಸನ ಪರವಾಗಿ ಮಗಳು ಮಲಯಾಳದಲ್ಲಿ ಏನೋ ಅಂದಳು. "ಶೂರನಿಗೆ ಆ ಭಾಷೆ ಬರುದಿಲ್ಲ. ಅರ್ಥಗಾರಿಕೆ ಕನ್ನಡದಲ್ಲೇ ಆಗ್ಬೇಕು," ಎಂದರು ಭಾವ. ಹುಡುಗಿ ಹಲ್ಲು ಕಚ್ಚಿ, ತಡವರಿಸಿ, "ನಾನು... ಇಲ್ಲಿಯ ಯಜಮಾನ. ನೀನು ಹೋಗು ಮಾರಾಯ!" ಎಂದಳು. ರಾಕ್ಷಸನ ಬಾಯಲ್ಲಿ ಮಾರಾಯ! ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳಂತೆ.

ಮೂರೇ ವಾರದಲ್ಲಿ ಗೆಳತಿಯರು ಎಂಟ್ರೆನ್ಸ್ ಕೋಚಿಂಗಿನ ನೆಪ ಹೇಳಿ ಜಾಗ ಖಾಲಿ ಮಾಡಿದರು. ಅವರ ಬದಲಿಗೆ ಅಕ್ಕ ಬೀನ್ಸ್ ಮುರಿಯುತ್ತ ಕಳ್ಳಿಯಾಗಿ ಕೂತಳು.

ಆಮೇಲೆ ಬಂತು ನೋಡಿ ಪುಸ್ತಕದ ಪ್ರಶ್ನೆ. ಕಥೆಯೊಳಗಿನ ಅಂಗಡಿಯಲ್ಲಿ ಕೊಳ್ಳಲು ಆಟದ ಮೂಲ ಪುಸ್ತಕದಲ್ಲಿದ್ದ ಸಾಮಾನುಗಳೆಲ್ಲ ಮುಗಿದವು. ಇನ್ನೂರು ಪುಟದ ಹೊಸ ಪುರವಣಿಯೊಂದು ಬಂದಿದೆ, ಅದರಲ್ಲಿ ಬರೀ ಕತ್ತಿ, ಗುರಾಣಿ, ಹಗ್ಗ, ಲಾಂದ್ರ, ಗಾಡಿ, ಮೂಲಿಕೆಗಳದ್ದೇ ವಿವರ ಎಂದು ಮಗಳು ಹೇಳಿದಳು. ಇಲ್ಲದ ಲೋಕದ ಇಲ್ಲದ ಸಾಮಾನಿನ ಕ್ಯಾಟಲಾಗು! ಅದು ಸಿಗುವುದು ಕೊಚ್ಚಿಯ ಒಂದು ಅಂಗಡಿಯಲ್ಲಿ. ಕೊಚ್ಚಿಯಲ್ಲಿ ಬ್ಯಾಂಕಿನ ಕೆಲಸ ಮಾಡಿಕೊಂಡು ತೆಪ್ಪಗಿರುವವಳು ನಾನು. ಫೋನು ಬಂತು.

"ನೀನೊಮ್ಮೆ ಇನ್‌ಸ್ಪೆಕ್ಷನ್ ಮಾಡು ಮಾರಾಯ್ತಿ. ಕೊಳ್ಳುದು ಬಿಡುದು ಮತ್ತೆ ನೋಡುವ."

ಅಂಗಡಿ ನಡೆಸುವ ಹೆಂಗಸು, ಎಲ್ಲರ ಬಾಯಲ್ಲೂ ಚೇಚಿ, ಮಾದರಿ ಪ್ರತಿಯನ್ನು ಬಿಚ್ಚಿಕೊಟ್ಟಳು. ನಾನು ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ನಿಂತೆ.

"ಹಗ್ಗ ಉಂಟಾ?"

"ಉಂಟು ಭಾವ. ಸೆಣಬಿನದ್ದು, ರೇಷ್ಮೆಯದ್ದು."

"ತೆಂಗಿನ ನಾರಿನದ್ದು?"

"ಇಲ್ಲ."

"ಕೇರಳದಲ್ಲಿ ಮಾರುವ ಪುಸ್ತಕದಲ್ಲಿ ಹುರಿಹಗ್ಗ ಇಲ್ವಾ! ಬರಕೋ, ಒಂದನೇ ಆಕ್ಷೇಪ."

ಮುಕ್ಕಾಲು ಗಂಟೆ ಹೀಗೇ ಸಾಗಿತು. ಚೇಚಿ ಮೆಲ್ಲಗೆ, "ಸಾರ್ ಗವರ್ಮೆಂಟಾ?" ಎಂದು ಕೇಳಿದಳು. ಹೌದೆಂದೆ. ಅಯ್ಯೋ ಪಾಪ ಎನ್ನುವ ಮುಖ ಮಾಡಿ ಒಳಗಿನಿಂದ ಸ್ಟೂಲು ತಂದುಕೊಟ್ಟಳು.

ಆ ಪುಸ್ತಕದಲ್ಲಿ ಗುಹೆ ತಡಕಲು ಹತ್ತಡಿ ಕೋಲು ಎಂಬ ಸಾಮಾನೊಂದಿತ್ತು. ಮಾದರಿ ಪರೀಕ್ಷೆ ಬೇಡವೇ? ಮರುದಿನವೇ ಭಾವ ಪೇಂಟಿನವರ ಹತ್ತಿರ ಹತ್ತಡಿಯ ಬಿದಿರು ಇಸಕೊಂಡು ಸಿಟಿ ಬಸ್ಸು ಹತ್ತಲು ಹೋದರು. ಕಂಡಕ್ಟರ್ ಮಲಯಾಳದಲ್ಲಿ, "ಸಾರೇ, ಮಾವಿನಕಾಯಿ ಕೊಯ್ಯಲಿಕ್ಕಾದರೆ ನಮ್ಮ ಮನೆಗೇ ಬನ್ನಿ," ಎಂದು ಕೆಳಗಿಳಿಸಿದನಂತೆ. "ಒಯ್ಯಲು ಅಸಾಧ್ಯ. ಎರಡನೇ ಆಕ್ಷೇಪ," ಎಂದು ನನಗೆ ಮೆಸೇಜು ಬಂತು.

ಕೊನೆಗೆ ಗಾಡಿ ನಿಂತದ್ದು ಕೊಟೇಶನ್ನಿನಲ್ಲಿ. ಆ ಪುಸ್ತಕ ಬೇರೆ ಯಾವ ಅಂಗಡಿಯಲ್ಲೂ ಇಲ್ಲ! ಒಂದೇ ಕೊಟೇಶನ್ನಿನ ಮೇಲೆ ಕೊಳ್ಳುವುದು ಭಾವನಿಂದ ಆಗದ ಮಾತು. ಇಂದು ನಾಳೆ ಎನ್ನುತ್ತ ತಿಂಗಳು ಕಳೆಯಿತು. ಮಗಳು ಕಾದು ಕಾದು ಬೇಸತ್ತು ಒಂದು ಭಾನುವಾರ, "ಮದಿ," ಸಾಕು, ಎಂದು ದಾಳಗಳನ್ನು ಚೀಲಕ್ಕೆ ಹಾಕಿ ಕಟ್ಟಿದಳು. ಮುಂದಿನ ಭಾನುವಾರವೂ ಆಟವಿಲ್ಲ. ಮನೆಯಲ್ಲಿ ಮತ್ತೆ ಬರೀ ವೇಂಡ, ಕುಳಪ್ಪಮಿಲ್ಲ. ಅಕ್ಕ ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿ ಸರಿಯಿರಲಿಲ್ಲ.

ನನಗೆ ರೇಗಿತು. ಭಾವನಿಗೆ ಫೋನು ಮಾಡಿ, "ಆ ಪುಸ್ತಕ ನಿಮಗೆ ಬೇಡವೇ ಬೇಡ. ನಿಮ್ಮ ಶೂರ ಇದ್ದ ಕತ್ತಿಯನ್ನೇ ಒರೆಯಿಂದ ತೆಗೆದವನಲ್ಲ! ಇನ್ನೂ ಇಪ್ಪತ್ತು ಕತ್ತಿ ತಗೊಂಡು ಎಂತ ಮಾಡ್ತೀರಿ, ಉಪ್ಪಿನಕಾಯಿ ಹಾಕ್ತೀರಾ?" ಎಂದೆ.

ಭಾವ ಸಣ್ಣ ದನಿಯಲ್ಲಿ ಹೇಳಿದರು.

"ಕತ್ತಿ ಯಾರಿಗೆ ಬೇಕು? ಆಟದಲ್ಲಿ ಯಾವ ಸಾಮಾನು ಬೇಕಾದ್ರೂ ಅಂಗಡಿಗೆ ಹೋಗ್ಬೇಕು. ಅಲ್ಲಿ ಅಂಗಡಿಯವಳು ನಮ್ಮ ಮಗಳೇ. ಅವಳ ಹತ್ತಿರ ಚೌಕಾಸಿ ಮಾಡ್ಬೇಕು, ಅವಳು ನನಗೆ ಕನ್ನಡದಲ್ಲಿ ಬೈಬೇಕು. ಹಳೇ ಪುಸ್ತಕದಲ್ಲಿದ್ದದ್ದು ಎಲ್ಲ ಕೊಂಡಾಯ್ತು. ಈಗ ಅವಳ ಹತ್ರ ಕೇಳ್ಲಿಕ್ಕೆ ನನಗೆ ಎಂತದೂ ಉಳಿದಿಲ್ಲ."

ಇಷ್ಟು ದಿನ ಈ ಮನುಷ್ಯನನ್ನು ನೋಡಿ ನಕ್ಕೆನಲ್ಲ ಎಂದು ನಾಚಿಕೆಯಾಯಿತು. ಸಂಜೆಯೇ ಹೋಗಿ ಪುಸ್ತಕ ತಂದೆ. ಭಾನುವಾರ ಬೆಳಗಿನ ರೈಲು ಹಿಡಿದು ಪಟ್ಟಂಗೆ ಹೋಗಿ ಅದನ್ನು ಮೇಜಿನ ಮೇಲಿಟ್ಟೆ. ಮಗಳು ಪುಸ್ತಕ ನೋಡಿದಳು, ಅಪ್ಪನನ್ನು ನೋಡಿದಳು, ದಾಳದ ಚೀಲ ತಂದು ಬಿಚ್ಚಿದಳು.

"ಬನ್ನಿ. ಎಂತ ಬೇಕು?" ಅಂಗಡಿಯವಳು ಕೇಳಿದಳು.

"ಒಂದು ಕಂಬಳಿ ಬೇಕಿತ್ತು," ಎಂದ ಶೂರ. "ಮುಂದೆ ಬೆಟ್ಟ ಹತ್ತಲಿಕ್ಕುಂಟು. ಆ ತೆಳುವಿನದ್ದು ಸಾಕು, ಹೊರಲಿಕ್ಕೆ ಹಗುರ."

"ತೆಳುವಿನದ್ದು ನಿಮಗೆ ಆಗುದಿಲ್ಲ." ಹುಡುಗಿ ಪುಟದಿಂದ ಕಣ್ಣು ತೆಗೆಯಲಿಲ್ಲ. "ದಪ್ಪದ್ದು ತಗೊಳ್ಳಿ. ಚಳಿಗೆ ನಿಮಗೆ ದಮ್ಮು ಕಟ್ಟುದುಂಟಲ್ಲ."

"ಅಂಗಡಿಯವಳಿಗೆ ಅದು ಹೇಗೆ ಗೊತ್ತು?" ಎಂದು ಅಕ್ಕ ಬಾಯಿ ಹಾಕಿದಳು. ನಾನು ಅವಳ ಕಾಲು ತುಳಿದೆ.

ಭಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು. ಮಗಳು ಇನ್ನೊಂದು ಪುಟ ತಿರುವಿ, "ಕಿವಿಗೆ ಉಣ್ಣೆಯ ಟೊಪ್ಪಿಯೂ ಉಂಟು," ಎಂದಳು. "ಕೊಡ್ಲಾ ಅಪ್ಪಾ?"